ಕೆಂಪು ಬಳಿದ ಪೋರ್ಟು

"ಇಲ್ಲಿಂದ ತೆಗಿ," ಅಂದ ಒಫೋರಿ, ಹೊಸ ಕಂಪ್ಯೂಟರಿನ ಪರದೆಗೆ ಬೆರಳು ಒತ್ತಿ. "ಇಲ್ಲೀವರೆಗೂ. ಒಂದು ಚೂರೂ ಉಳೀಬಾರದು."

ಅವನ ಬೆರಳಿನಡಿ ಇದ್ದದ್ದು ಕೊನಾಡುವಿನ ಮುಖವೇ. ಕಪ್ಪು ಬಟ್ಟೆ ಸುತ್ತಿಕೊಂಡು, ತಲೆಯ ಮೇಲೆ ಹಿತ್ತಾಳೆ ಬೋಗುಣಿ ಹೊತ್ತು, ಗಂಡನ ಹೆಣ ಮಲಗಿಸಿದ್ದ ಕೋಣೆಯೊಳಕ್ಕೆ ಕಾಲಿಡುತ್ತಿದ್ದಳು. ಬೋಗುಣಿಯಲ್ಲಿ ಹೊಸ ಬಟ್ಟೆ, ದಿಂಬು, ಸೋಪು, ಮೈ ಉಜ್ಜುವ ನಾರು, ಉಂಗುರ. ಸತ್ತ ಗಂಡನ ಶವಪೆಟ್ಟಿಗೆಗೆ ಹೆಂಡತಿಯೇ ತಂದಿಡಬೇಕಾದ ಸಾಮಾನು. ಈ ಕುಮಾಸಿ ಪಟ್ಟಣದಲ್ಲಿ ಎಂಥ ಬಡವಿಯೂ ಅದನ್ನು ತಪ್ಪಿಸುವುದಿಲ್ಲ.

"ಭಾವ, ಇದನ್ನ ತೆಗೆದ್ರೆ, ಹೆಂಡತಿ ಸಾಮಾನೇ ತರಲಿಲ್ವಾ ಅಂತ ಕೇಳ್ತಾರೆ ಜನ," ಅಂದಳು ಕಂಪ್ಯೂಟರಿನ ಮುಂದೆ ಕೂತಿದ್ದ ಕೊನಾಡು.

"ಕೇಳಲಿ ಅಂತಾನೇ ತೆಗೆಸ್ತಿರೋದು."

ಎಂಥಾ ಎದೆಗಾರಿಕೆ ನೋಡಿ! ಮುಚ್ಚುಮರೆಯಾದರೂ ಬೇಡವೇ? ಅವಳ ಗಂಡ, ಒಫೋರಿಯ ತಮ್ಮ ಬಾದು ಸತ್ತು ಇವತ್ತಿಗೆ ನಲವತ್ತನೆಯ ದಿನ. ಮಧ್ಯಾಹ್ನ ಕುಲದ ಮನೆಯಂಗಳದಲ್ಲಿ ಊರಿನಿಂದ ಬಂದ ಹಿರಿಯರು ಕೂರುತ್ತಾರೆ, ಬಾದುವಿನ ವಿಡಿಯೊ ಅಂಗಡಿ, ಅದರ ಹಿಂದಿನ ಕೋಣೆ ಯಾರಿಗೆ ಅಂತ ತೀರ್ಮಾನ ಮಾಡುತ್ತಾರೆ. ಸಾಮಾನು ತಂದವಳು ಹೆಂಡತಿ. ಅವಳಿಗೂ ಮಗಳಿಗೂ ಪಾಲುಂಟು. ತರದವಳು ಹೆಂಡತಿಯೇ ಅಲ್ಲ; ಯಾವಳೋ ಬಂದಿದ್ದಳು, ಇದ್ದಳು, ಇನ್ನು ಹೊರಡಲಿ. ಹಾಗಂತ ಅವಳು ಸಾಮಾನು ತಂದದ್ದನ್ನು ನೋಡಿದವರು ಇಲ್ಲವೇ? ಇದ್ದರು. ಆದರೆ ಅವತ್ತು ಬೆಳಗಿನ ಜಾವ ಆ ಕೋಣೆಯಲ್ಲಿದ್ದವರೆಲ್ಲ ಒಫೋರಿಯ ಮನೆಯಲ್ಲಿ ಉಣ್ಣುವವರು. ಅನ್ನದ ಋಣ, ಬಾಯಿಗೆ ಬೀಗ. ಊರಿನ ಹಿರಿಯರು ಬಂದಿಳಿದದ್ದು ಪೆಟ್ಟಿಗೆಗೆ ಮೊಳೆ ಬಿದ್ದ ಮೇಲೆ.

"ತೆಗೆಯಲ್ಲ ಅಂದ್ರೆ?" ಅಂದಳು ಕೊನಾಡು.

"ಅಂಗಡಿಗೆ ಈಗಲೇ ಬೀಗ ಹಾಕ್ತೀನಿ. ಮಗಳು ಸ್ಕೂಲಿಂದ ಬಂದು ಬೀದೀಲಿ ನಿಂತ್ಕೊಳ್ಳಲಿ."

ಅವಳು ಕತ್ತರಿಸಿದಳು. ತನ್ನನ್ನು ತಾನೇ, ತನ್ನ ಕೈಯಾರೆ. ಪರದೆಯ ಮೇಲೆ ಬಾದುವಿನ ಹೆಣದ ಮುಂದೆ ಬಾಗಿಲು ಖಾಲಿಯಾಗಿತ್ತು. ಮರುಕ್ಷಣವೇ ಹೊರಗಿನ ಶಾಮಿಯಾನ, ಡೋಲು, ಕುಣಿತ. ನಡುವೆ ಒಬ್ಬಳು ಬಂದಿದ್ದಳು ಅನ್ನುವುದಕ್ಕೆ ಗುರುತೇ ಇಲ್ಲ. ಒಫೋರಿ ಮುಂದೆ ನಿಂತು, ಆ ಕಂಪ್ಯೂಟರಿನಲ್ಲಿದ್ದ ಕತ್ತರಿಸದ ಪೂರ್ತಿ ಚಿತ್ರವನ್ನೂ ಅಳಿಸಿ ಹಾಕಿಸಿದ. ಕ್ಯಾಮೆರಾದ ಟೇಪು ಆಗಲೇ ಅವನ ಜೇಬು ಸೇರಿತ್ತು.

"ಎಲ್ಲರಿಗೂ ಒಂದೊಂದು ಸಿ.ಡಿ. ಆಗಬೇಕು. ಮೂರು ಗಂಟೆಗೆ ಬರ್ತೀನಿ," ಅಂತ ಹೇಳಿ ಬಾಗಿಲಲ್ಲಿ ನಿಂತಿದ್ದ ಸರ್ಪಾಂಗನ ಕಡೆ ತಿರುಗಿದ. "ನೀನು ಇಲ್ಲೇ ಕೂತಿರು. ಕಣ್ಣು ಪರದೆ ಮೇಲಿರಲಿ."

ಸರ್ಪಾಂಗ್ ಬಾದುವಿನ ಅಕ್ಕನ ಮಗ. ಬಸ್ ನಿಲ್ದಾಣದಲ್ಲಿ ಮೊಬೈಲ್ ಕವರು ಮಾರುತ್ತಿದ್ದವನು. ಅಸಾಂತೆ ಜನರಲ್ಲಿ ಮಾವನ ಆಸ್ತಿಗೆ ಸೋದರಳಿಯನೇ ವಾರಸುದಾರ; ಇವತ್ತು ಹೆಂಡತಿ ಹೊರಗೆ ಬಿದ್ದರೆ ನಾಳೆ ಅಂಗಡಿ ಇವನದು. ಹೊಸ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತ. ಸುಟ್ಟ ಬಾಳೆಕಾಯಿ, ಕಡಲೆಕಾಯಿ ಕಟ್ಟಿಸಿಕೊಂಡು ಬಂದಿದ್ದ.

ಮೇಜಿನ ಮೇಲೆ ಸಿ.ಡಿ. ಬರೆಯುವ ನಾಲ್ಕು ಬರ್ನರುಗಳು ಸಾಲಾಗಿದ್ದವು. ನಾಲ್ಕಕ್ಕೂ ಬೆನ್ನಿನಲ್ಲಿ ತಂತಿ ಸಿಕ್ಕಿಸುವ ಎರಡೆರಡು ಬಗೆಯ ಪೋರ್ಟು: ಒಂದು ಯು.ಎಸ್.ಬಿ., ಉಳಿದೆರಡು ದಪ್ಪ ಪಿನ್ನಿನ ಫೈರ್‌ವೈರ್. ಹೊಸ ಕಂಪ್ಯೂಟರಿಗೆ ಯು.ಎಸ್.ಬಿ.ಯಲ್ಲೇ ಕಟ್ಟಿದ್ದರು. ಕೊನಾಡು ಖಾಲಿ ಸಿ.ಡಿ.ಗಳನ್ನು ತುಂಬಿಸಿದಳು. ಹಸಿರು ದೀಪಗಳು ಮಿಣುಕಿದವು. ಪರದೆಯ ಮೇಲೆ ನೀಲಿ ಪಟ್ಟಿ ತೆವಳತೊಡಗಿತು.

"ಅತ್ತೆ," ಅಂದ ಸರ್ಪಾಂಗ್, ಬಾಯಲ್ಲಿ ಬಾಳೆಕಾಯಿ ಇಟ್ಟುಕೊಂಡೇ. "ನೀವೇನೂ ಹೆದರ್ಕೋಬೇಡಿ. ಅಂಗಡಿ ನಂದಾದ್ಮೇಲೂ ನಿಮ್ಮನ್ನೇ ಕೆಲಸಕ್ಕೆ ಇಟ್ಕೋತೀನಿ. ಬೇರೆಯವರನ್ನ ಯಾಕೆ ಹುಡುಕೋದು?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ, ಪಾಪಿ. ಅದೇ ಉರಿಯಿತು. ಒಫೋರಿ ಬೆದರಿಸಿದಾಗ ಬಾರದ ಸಿಟ್ಟು ಈಗ ಅಂಗಾಲಿನಿಂದ ನೆತ್ತಿಗೇರಿತು. ಕೆಲಸಕ್ಕೆ ಇಟ್ಟುಕೊಳ್ಳುತ್ತಾನಂತೆ! ಈ ಬರ್ನರುಗಳಲ್ಲಿ ಎರಡನ್ನು ಕೊಂಡದ್ದು ಅವಳು ಟೊಮೆಟೊ ಮಾರಿದ ದುಡ್ಡಿನಲ್ಲಿ. ಬಾದುವಿನ ಮೇಲೂ ಸಿಟ್ಟು ಬಂತು. ಕಚೇರಿಗೆ ಹೋಗಿ ಮದುವೆ ಬರೆಸೋಣ ಅಂದಾಗಲೆಲ್ಲ "ಬರೆಸೋಣ ಬಿಡೇ, ನಾನೇನು ಓಡಿಹೋಗ್ತೀನಾ" ಅನ್ನುತ್ತಿದ್ದನಲ್ಲ. ಹೋದ. ಹೇಳದೆ ಕೇಳದೆ ಹೋದ. ಅವನ ಸಿ.ಡಿ. ಬರೆಯುತ್ತ ಇವಳು ಕೂತಿದ್ದಾಳೆ.

ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಗೊರಗೊರ ಅನ್ನುತ್ತಿತ್ತು. ಅದಕ್ಕೆ 'ಮುದುಕಿ' ಅಂತ ಹೆಸರಿಟ್ಟವನು ಬಾದುವೇ. ಯಾವ ಟೇಪು ಬಂದರೂ ಮೊದಲು ಮುದುಕಿಗೇ ಇಳಿಸುವುದು, ಅಲ್ಲೇ ಜೋಡಿಸುವುದು, ಆಮೇಲೆ ಹೊಸದಕ್ಕೆ ದಾಟಿಸಿ ಸಿ.ಡಿ. ಮಾಡುವುದು. ಯಾಕೆಂದರೆ ಕ್ಯಾಮೆರಾ ಸಿಕ್ಕಿಸುವ ಕಾರ್ಡು ಇದ್ದದ್ದು ಮುದುಕಿಯ ಬೆನ್ನಿನಲ್ಲಿ ಮಾತ್ರ.

ಹೌದಲ್ಲ. ಒಫೋರಿ ಅಳಿಸಿಸಿದ್ದು ಹೊಸದರಲ್ಲಿದ್ದದ್ದನ್ನು; ಮುದುಕಿಯ ಹೊಟ್ಟೆಯಲ್ಲಿ ಪೂರ್ತಿ ಚಿತ್ರ ಹಾಗೇ ಇದೆ.

ಕೊನಾಡು ಸರ್ಪಾಂಗನ ಕಡೆ ನೋಡಿದಳು. ಅವನ ಕಣ್ಣು ನೀಲಿ ಪಟ್ಟಿಯ ಮೇಲೆ ನೆಟ್ಟಿತ್ತು. ಹೊಸದರ ಒಳಕ್ಕೆ ಏನನ್ನೂ ತರುವಂತಿಲ್ಲ. ಅದರ ಮುಂದೆ ಅವನು ಬಂಡೆಯ ಹಾಗೆ ಕೂತಿದ್ದಾನೆ. ಚಿತ್ರವನ್ನು ಬರ್ನರುಗಳ ಹತ್ತಿರ ತರಲಾಗದಿದ್ದರೆ ಬರ್ನರುಗಳನ್ನೇ ಚಿತ್ರದ ಹತ್ತಿರ ಒಯ್ಯಬೇಕು.

"ಯಾಕೋ ಕೇಬಲ್ ಸಡಿಲ ಆದಂಗಿದೆ," ಅಂತ ಗೊಣಗಿ ಮೇಜಿನ ಹಿಂದಕ್ಕೆ ಬಗ್ಗಿ ಕೂತಳು.

ಧೂಳು, ತಂತಿಗಳ ಗೋಜಲು. ಮುದುಕಿಯ ಬೆನ್ನಿನಲ್ಲೂ ಯು.ಎಸ್.ಬಿ. ಇತ್ತು; ಹಳೇ ಕಾಲದ್ದು, ಒಂದೇ ಬರ್ನರ್ ಕಟ್ಟಿದರೂ ಏದುಸಿರು ಬಿಡುತ್ತಿತ್ತು. ಉಳಿದದ್ದು ಕ್ಯಾಮೆರಾದ ಕಾರ್ಡು, ಬರ್ನರುಗಳ ಬೆನ್ನಿನಲ್ಲಿದ್ದಂಥದೇ ದಪ್ಪ ಪಿನ್ನಿನದು. ಅದರ ಸುತ್ತ ಕೆಂಪು ಬಣ್ಣ ಬಳಿದಿತ್ತು. ಅವಳದೇ ಉಗುರುಬಣ್ಣ. ಬಾದು ಕೇಳದೆ ತೆಗೆದುಕೊಂಡು ಬಳಿದಿದ್ದ. ಅವತ್ತು ದೊಡ್ಡ ಜಗಳವೇ ಆಗಿತ್ತು. "ಇದಕ್ಕೆ ಕ್ಯಾಮೆರಾ ಬಿಟ್ಟು ಇನ್ನೇನೂ ಚುಚ್ಚಬೇಡ, ಕೊನಾಡು. ಈ ಕಾರ್ಡ್ ಸುಟ್ಟರೆ ನಮ್ಮ ಅನ್ನ ಸುಟ್ಟಂಗೆ," ಅಂದಿದ್ದ. ಆಮೇಲೆ ಅವಳು ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ.

"ನಿನ್ನ ಅನ್ನ ಆಗಲೇ ಸುಡ್ತಿದೆ ಕಣಯ್ಯಾ," ಅಂತ ಸತ್ತವನಿಗೆ ಮನಸ್ಸಿನಲ್ಲೇ ಹೇಳಿದಳು.

ಮೊದಲ ಸರದಿಯ ಸಿ.ಡಿ.ಗಳು ಹೊರಬಂದವು. ಮೂರು ಬರ್ನರುಗಳ ಯು.ಎಸ್.ಬಿ. ಕಿತ್ತಳು. ನಾಲ್ಕನೆಯದನ್ನು ಹೊಸದಕ್ಕೇ ಬಿಟ್ಟಳು, ಹುಡುಗನ ಮುಂದೆ ನೀಲಿ ಪಟ್ಟಿ ಓಡುತ್ತಿರಲಿ ಅಂತ. ಕಿತ್ತ ಮೂರನ್ನೂ ದಪ್ಪ ಪಿನ್ನಿನ ಕೇಬಲಿನಲ್ಲಿ ಒಂದರ ಬೆನ್ನಿಗೆ ಇನ್ನೊಂದನ್ನು ಕಟ್ಟಿ, ಕೊನೆಯ ತುದಿಯನ್ನು ಕೆಂಪು ಪೋರ್ಟಿಗೆ ಒತ್ತಿದಳು. ಬಿಗಿಯಾಗಿತ್ತು. ಹೆಬ್ಬೆರಳು ಜಾರಿ ಒಣಗಿದ ಬಣ್ಣದ ಚಕ್ಕೆ ಎದ್ದು ಉಗುರಿನ ಸಂದಿಗೆ ಸೇರಿತು.

ಮುದುಕಿ ಕಣ್ಣೇ ಬಿಡಲಿಲ್ಲ. ಪರದೆಯಲ್ಲಿ ಒಂದು ಬರ್ನರಿನ ಹೆಸರೂ ಇಲ್ಲ. ಆರಿಸಿ ಮತ್ತೆ ಹೊತ್ತಿಸಬೇಕಾಯಿತು. ಹೊತ್ತಿಕೊಂಡದ್ದೇ ತಡ, ಟ್ಯಾಂವ್ ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿತು.

"ಅದ್ಯಾಕೆ ಹಾಕಿದ್ರಿ ಅತ್ತೆ?" ಸರ್ಪಾಂಗ್ ತಿರುಗಿದ.

"ಸಿ.ಡಿ. ಕವರಿಗೆ ನಿಮ್ಮ ಮಾವನ ಫೋಟೋ ಬೇಡ್ವಾ? ಬರಿ ಕವರಲ್ಲಿ ಹಂಚ್ತೀಯಾ, ನಿನ್ನ ಮೊಬೈಲ್ ಕವರು ಮಾರಿದಂಗೆ?"

ಅವನು ನಕ್ಕು ಮತ್ತೆ ನೀಲಿ ಪಟ್ಟಿ ನೋಡುತ್ತ ಕೂತ.

ಈಗ ಮೂರರ ಹೆಸರೂ ಬಂತು. ಬರೆಯಲು ಹಚ್ಚಿದಳು. ಅರ್ಧಕ್ಕೆ ನಿಂತಿತು, ಮೂರು ಸಿ.ಡಿ.ಯೂ ಹಾಳು. ಅವಸರ ಮಾಡಿದರೆ ಮುದುಕಿ ಎಡವುತ್ತಾಳೆ. ವೇಗ ತಗ್ಗಿಸಿ ಮತ್ತೆ ಹಚ್ಚಿದಳು, ಬಾದುವಿನ ಫೋಟೋ ಕತ್ತರಿಸಿ ಕವರುಗಳಿಗೆ ಅಂಟಿಸುತ್ತ ಕಾದಳು. ಕಾದಷ್ಟೂ ಸಿಟ್ಟು ಹೆಚ್ಚಿತು. ಈ ಸಲ ಮೂರೂ ಸರಿಯಾಗಿ ಬಂದವು. ಒಂದನ್ನು ಹಾಕಿ, ಧ್ವನಿ ಮುಚ್ಚಿ ನೋಡಿದಳು. ಬಾಗಿಲು. ಬೋಗುಣಿ. ತಾನು.

ಹಸಿರು ದೀಪ ನಾಲ್ಕೂ ಮಿಣುಕುತ್ತಿದ್ದವು. ಯಾವ ತಂತಿ ಎಲ್ಲಿಗೆ ಹೋಗಿದೆ ಅಂತ ಮೇಜಿನ ಹಿಂದೆ ಬಗ್ಗಿ ನೋಡುವ ಗೋಜಿಗೆ ಸರ್ಪಾಂಗ್ ಹೋಗಲಿಲ್ಲ. ಪರದೆ ನೋಡು ಅಂದಿದ್ದರು, ನೋಡಿದ. ಮೊದಲ ಸರದಿಯವೂ ಸೇರಿ, ಹೊಸದರಿಂದ ಬಂದ ಒಂದೊಂದು ಸಿ.ಡಿ.ಯೂ ಮೇಜಿನಡಿಯ ಕಸದ ಬುಟ್ಟಿಗೆ ಬಿತ್ತು. ಮುದುಕಿಯವು ಫೋಟೋ ಅಂಟಿಸಿಕೊಂಡು ಒಫೋರಿಗೆ ಕೊಡುವ ಚೀಲ ಸೇರಿದವು.

ಮೂರಕ್ಕೆ ಒಫೋರಿ ಬಂದ. ಚೀಲ ಎತ್ತಿ ತೂಗಿ ನೋಡಿದ.

"ಆಯ್ತಾ?"

"ನೀವು ಹೇಳಿದಂಗೇ ಆಯ್ತು ಮಾಮ," ಅಂದ ಸರ್ಪಾಂಗ್. "ಕಣ್ಣು ತೆಗೀಲಿಲ್ಲ ನಾನು."

ಕುಲದ ಮನೆಯಂಗಳದಲ್ಲಿ ಕೆಂಪು ಕಪ್ಪು ಬಟ್ಟೆಯುಟ್ಟ ಜನ ಕುರ್ಚಿಗಳಲ್ಲಿ ತುಂಬಿದ್ದರು. ಊರಿನ ಹಿರಿಯರು ಮುಂದಿನ ಸಾಲಿನಲ್ಲಿ. ಅವರ ನಡುವೆ ಕುಲದ ಹಿರಿಯಜ್ಜಿ ತಿವಾ, ಕೋಲಿನ ಮೇಲೆ ಗಲ್ಲ ಊರಿಕೊಂಡು. ಕೊನಾಡುವಿಗೆ ಕುರ್ಚಿ ಇಟ್ಟಿರಲಿಲ್ಲ. ಗೋಡೆಗೆ ಒರಗಿ ನಿಂತಳು. ಒಫೋರಿ ನೆಲಕ್ಕೆ ಮದ್ಯ ಎರೆದು ಪೂರ್ವಿಕರನ್ನು ಕರೆದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಹಿರೀಕರೇ, ನಾನು ಯಾರ ಮೇಲೂ ಚಾಡಿ ಹೇಳೋನಲ್ಲ. ಈ ಹೆಂಗಸು ನನ್ನ ತಮ್ಮನ ಪೆಟ್ಟಿಗೆಗೆ ಒಂದು ಸೋಪಾದ್ರೂ ತಂದಿದ್ರೆ ಇವತ್ತು ಈ ಮಾತು ಬರ್ತಿರಲಿಲ್ಲ. ನೀವೇ ನೋಡಿ, ನೀವೇ ಹೇಳಿ."

ಚೀಲದಿಂದ ಒಂದು ಸಿ.ಡಿ. ತೆಗೆದು ತಾನೇ ಹಾಕಿದ. ಟೀವಿಯಲ್ಲಿ ಬಾದು ಮಲಗಿದ್ದ, ಬಂಗಾರದ ಬಣ್ಣದ ಮಂಚದ ಮೇಲೆ. ಹೆಂಗಸರು ಅಳು ತೆಗೆದರು. ಬಾಗಿಲು ಕಂಡಿತು. ಬಾಗಿಲಲ್ಲಿ ಕೊನಾಡು, ತಲೆಯ ಮೇಲೆ ಹೊಳೆಯುವ ಬೋಗುಣಿ.

ಒಫೋರಿ ಕೈ ಚಾಚಿದ, ಆರಿಸಲಿಕ್ಕೆ. ಅವನಿಗೂ ಟೀವಿಗೂ ನಡುವೆ ನಿಂತಿದ್ದವನು ಸರ್ಪಾಂಗ್, ಪಕ್ಕಕ್ಕೆ ಸರಿಯಲಿಲ್ಲ. ಅವನು ಕಣ್ಣು ಪಿಳುಕಿಸದೆ ಚಿತ್ರ ನೋಡಿದ, ಗೋಡೆಯ ಕಡೆ ತಿರುಗಿ ಅತ್ತೆಯನ್ನು ನೋಡಿದ.

"ಏ ಹುಡ್ಗಾ, ಧ್ವನಿ ಜೋರು ಮಾಡೋ," ಅಂದಳು ತಿವಾ ಅಜ್ಜಿ. "ನನಗೆ ಕಿವಿ ಕೇಳಲ್ಲ."

ಸರ್ಪಾಂಗ್ ಧ್ವನಿ ಏರಿಸಿದ.

ಟೀವಿಯೊಳಗಿನ ಒಫೋರಿ ಬೋಗುಣಿಯಿಂದ ಒಂದೊಂದನ್ನೇ ಎತ್ತಿ ಹೆಣಕ್ಕೆ ತೋರಿಸುತ್ತಿದ್ದ. ಅವನ ದಪ್ಪ ಗಂಟಲು ಅಂಗಳವನ್ನೆಲ್ಲ ತುಂಬಿತು: "ಬಾದು, ನಿನ್ನ ಹೆಂಡತಿ ಬಂದಿದ್ದಾಳೆ. ಬಟ್ಟೆ ತಂದಿದ್ದಾಳೆ. ಸೋಪು ತಂದಿದ್ದಾಳೆ. ಉಂಗುರ ತಂದಿದ್ದಾಳೆ. ಒಂದೂ ಕಡಿಮೆ ಮಾಡಿಲ್ಲ. ತಗೊ, ಹೋಗಿ ಬಾ."

ಮುಂದಿನ ಸಾಲಿನ ಮುದುಕರು ಟೀವಿಯ ಒಫೋರಿಯನ್ನು ನೋಡಿದರು, ಎದುರಿಗಿದ್ದ ಒಫೋರಿಯನ್ನು ನೋಡಿದರು. ಒಬ್ಬ ಎದ್ದು, ತಾನು ಕೂತಿದ್ದ ಕುರ್ಚಿಯನ್ನೇ ಎತ್ತಿ ತಂದು ಕೊನಾಡುವಿನ ಪಕ್ಕಕ್ಕಿಟ್ಟ. ಅವಳು ಕೂರಲಿಲ್ಲ. ಹೆಬ್ಬೆರಳ ಉಗುರುಸಂದಿಯ ಕೆಂಪು ಚಕ್ಕೆಯನ್ನು ತೋರುಬೆರಳಿನಿಂದ ಕೆರೆಯುತ್ತ ನಿಂತೇ ಇದ್ದಳು.

ತಿವಾ ಅಜ್ಜಿ ಕೋಲನ್ನು ಮಡಿಲಿಗೆ ಹಾಕಿಕೊಂಡು, ಎರಡೂ ಅಂಗೈ ಜೋಡಿಸಿ ಒಫೋರಿಯ ಮುಂದೆ ಚಾಚಿದಳು.

"ನನಗೊಂದು ಕೊಡಪ್ಪ ಅದನ್ನ. ಊರಿಗೆ ತಗೊಂಡು ಹೋಗ್ತೀನಿ."

"ನಂಗೂ," ಅಂದ ಪಕ್ಕದವನು. ಹಿಂದಿನ ಸಾಲಿನಿಂದಲೂ ಕೈಗಳು ಬಂದವು.

ಒಫೋರಿ ಚೀಲದ ಒಳಕ್ಕೆ ಕೈ ಹಾಕಿದ.