ತಡವಾದ ಮೂರನೆಯ ಏಟು

ಇಪ್ಪತ್ತೊಂಬತ್ತು ವರ್ಷಗಳಿಂದ ನನ್ನ ಕೆಲಸವೆಂದರೆ ಮಂಡಿಯೂರಿ ಕುಸ್ತಿಯ ಕಣಕ್ಕೆ ಅಂಗೈ ಬಡಿಯುವುದು. ಒಂದು, ಎರಡು, ಮೂರು. ಅಷ್ಟರೊಳಗೆ ಕೆಳಗೆ ಬಿದ್ದವನು ಭುಜ ಎತ್ತಿದರೆ ಆಟ ಮುಂದುವರಿಯುತ್ತದೆ, ಎತ್ತದಿದ್ದರೆ ಮುಗಿಯಿತು. ಇಷ್ಟಕ್ಕೇ ನನ್ನ ಎರಡೂ ಮಂಡಿ ಸವೆದುಹೋಗಿವೆ.

ಆ ಭಾನುವಾರ ಮಧ್ಯಾಹ್ನ ಜಪಾನಿನ ಕೊರಿಯಾಮಾ ಊರಿನಲ್ಲಿ ಕುರೊಸೆ ತನ್ನ ಚಾಂಪಿಯನ್ ಬೆಲ್ಟನ್ನು ಇಪ್ಪತ್ತಾರು ವರ್ಷದ ನಾತೊರಿಗೆ ಬಿಟ್ಟುಕೊಡುವುದಿತ್ತು. ಯಾರು ಗೆಲ್ಲಬೇಕೆಂಬುದು ನಮ್ಮಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಆದರೆ ಬೀಳುವುದು ನಿಜ, ಕತ್ತಿನ ನೋವು ನಿಜ, ಎತ್ತಬೇಕಾದ ಭುಜವನ್ನು ಅವರವರೇ ಎತ್ತಬೇಕು. ಎತ್ತಲಾಗದಿದ್ದರೆ, ತೀರ್ಮಾನ ಏನೇ ಇರಲಿ, ರೆಫರಿ ಮೂರು ಎಣಿಸಿಬಿಡಬೇಕು. ನಮ್ಮ ಕಂಪನಿಯಲ್ಲಿ ಅದೊಂದಕ್ಕೆ ಮಾತ್ರ ಎರಡು ಮಾತಿಲ್ಲ.

ಕುರೊಸೆಗೆ ಐವತ್ತಮೂರು. ಅವನೂ ನಾನೂ ಒಂದೇ ವರ್ಷ ಸೇರಿದವರು, ಒಂದೇ ಹಂಡೆಯ ಸಾರಿಗೆ ಎಲೆಕೋಸು ಹೆಚ್ಚಿದವರು, ಹಿರಿಯರ ಬೆನ್ನು ಉಜ್ಜಿದವರು. ಆಟಕ್ಕೆ ಮೊದಲು ಡ್ರೆಸ್ಸಿಂಗ್ ರೂಮಿನಲ್ಲಿ ಅವನ ಕತ್ತಿಗೆ ನೋವಿನ ಪಟ್ಟಿ ಅಂಟಿಸುತ್ತಿದ್ದೆ.

"ಲೋ ಅಕುತ್ಸು, ಇವತ್ತು ಸರಿಯಾಗಿ ಎಣಿಸು."

"ಯಾವತ್ತು ತಪ್ಪಾಗಿ ಎಣಿಸಿದೀನಿ?"

"ಎರಡು ವರ್ಷದಿಂದ ಎರಡಕ್ಕೂ ಮೂರಕ್ಕೂ ಮಧ್ಯೆ ನೀನು ಟೀ ಕುಡಿದು ಬರ್ತಿದೀಯೇನೋ ಅಂತ ನಂಗೆ ಅನುಮಾನ." ನಗಲಿಲ್ಲ ಅವನು. "ನಾತೊರಿ ನನ್ನ ಎರಡು ಸಲ ಹಿಂದಕ್ಕೆತ್ತಿ ಎಸೀತಾನೆ. ಮೊದಲನೇದಕ್ಕೆ ನಾನು ಭುಜ ಎತ್ತಬೇಕು. ಎತ್ತಿದ್ರೆ ಇನ್ನೊಂದು ವರ್ಷ ಆಡ್ತೀನಿ. ಆಗ್ಲಿಲ್ವಾ, ಇವತ್ತಿಗೇ ಬೂಟು ಬಿಚ್ಚಿಡ್ತೀನಿ. ಡಾಕ್ಟರ ಮಾತೂ ಬೇಡ, ಹೆಂಡತಿ ಮಾತೂ ಬೇಡ. ನಿನ್ನ ಕೈ ಹೇಳ್ಲಿ."

"ಆಯ್ತು ಬಿಡು" ಎಂದು ಮಾತು ಕೊಟ್ಟೆ.

ಅವನ ಹೆಸರು ಕೂಗಿದಾಗ ಜನ ಎಸೆದ ಬಣ್ಣಬಣ್ಣದ ಕಾಗದದ ಸುರುಳಿಗಳು ಕಣದ ತುಂಬ ಬಿದ್ದವು. ಆಮೇಲೆ ಇಪ್ಪತ್ತು ನಿಮಿಷ ಬರೀ ಎದೆಗೆ ಎದೆ, ಏಟಿಗೆ ಏಟು. ಕುರೊಸೆಯ ಏದುಸಿರು ಕೇಳಿ ನನಗೇ ಸುಸ್ತಾಗುತ್ತಿತ್ತು. ಕೊನೆಗೆ ನಾತೊರಿ ಹಿಂದಿನಿಂದ ಅವನ ಸೊಂಟ ಹಿಡಿದು ಎತ್ತಿ ಎಸೆದ. ಕುರೊಸೆ ಕತ್ತಿನ ಮೇಲೆ ಬಿದ್ದ. ನಾತೊರಿ ಅವನ ಎದೆಯ ಮೇಲೆ ಒರಗಿದ.

ಒಂದು. ಎರಡು.

ಭುಜ ಅಲುಗಲಿಲ್ಲ. ನನ್ನ ಕೈ ಮೇಲೆ ಹೋಗಿತ್ತು, ಇಳಿಯಬೇಕಿತ್ತು. ಇಳಿಯಲಿಲ್ಲ. ಮುಂಡೇದು, ರೂಢಿಯಾಗಿಬಿಟ್ಟಿತ್ತು ಅದಕ್ಕೆ. ಒಂದು ಉಸಿರು ತಡೆದ ಮೇಲೆ ಅವನ ಎಡಭುಜ ಎದ್ದಿತು, ಆಮೇಲಷ್ಟೇ ನನ್ನ ಕೈ ಇಳಿಯಿತು; ಆಗ ಅದು ಲೆಕ್ಕಕ್ಕಿರಲಿಲ್ಲ. ಜನ ಕಾಲು ಬಡಿದು ಕೂಗಿದರು. ಕುರೊಸೆ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಅಂಥ ಖುಷಿ ನೋಡಿ ಎಷ್ಟು ವರ್ಷವಾಗಿತ್ತೋ. ನನಗೆ ನಾಚಿಕೆಯಾಯಿತು. ಎರಡನೆಯ ಎಸೆತಕ್ಕೆ, ತೀರ್ಮಾನವಾದಂತೆ, ಮೂರು ಎಣಿಸಿದೆ. ನಾತೊರಿ ಗೆದ್ದ.

ಡ್ರೆಸ್ಸಿಂಗ್ ರೂಮಿನಲ್ಲಿ ಕುರೊಸೆ ಕತ್ತಿಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು ಕೂತಿದ್ದ. "ನೋಡಿದ್ಯೇನೋ? ಎದ್ದೆ! ಇನ್ನೊಂದು ವರ್ಷ ಗಟ್ಟಿ!" ಎಂದು ಟೀ ಲೋಟಕ್ಕೆ ಬಲಗೈ ಚಾಚಿದ. ಬೆರಳು ಮಡಚಲಿಲ್ಲ. ಏನೂ ಆಗದವನಂತೆ ಎಡಗೈಯಲ್ಲಿ ಎತ್ತಿಕೊಂಡ.

ಅಷ್ಟರಲ್ಲಿ ನಾತೊರಿ ಬಂದ. ಸೋತ ಹಿರಿಯನ ಮುಂದೆ ಬೆಲ್ಟು ತರಬಾರದೆಂದು ಅದನ್ನು ಬಾಗಿಲಾಚೆ ಇಟ್ಟು, ಮಂಡಿಯೂರಿ, ಹಣೆ ನೆಲಕ್ಕೆ ಹಚ್ಚಿದ. "ನಿಮ್ಮಿಂದ ತುಂಬಾ ಉಪಕಾರ ಆಯ್ತು, ಕುರೊಸೆ-ಸಾನ್."

ಆ ಹುಡುಗನೆದುರಿಗೇ ನನ್ನ ಬಾಯಿಂದ ಮಾತು ಬಂತು. "ನಾನು ಕೈ ತಡೆದೆ ಕಣೋ."

ಕುರೊಸೆ ಲೋಟ ಕೆಳಗಿಟ್ಟ. "ಎಷ್ಟು?"

"ಒಂದು ಉಸಿರಿನಷ್ಟು."

ಅವನು ಬೈಯುತ್ತಾನೆಂದುಕೊಂಡೆ. ಬೈಯಲಿಲ್ಲ. ಚೀಲ ಬಿಚ್ಚಿಟ್ಟು ಚಾಪೆಯ ಮೇಲೆ ಅಂಗಾತ ಮಲಗಿದ.

"ನಾತೊರಿ, ಬಾ ಇಲ್ಲಿ. ಮೇಲೆ ಬೀಳು."

"ಅಯ್ಯೋ ಬೇಡಿ, ನಿಮ್ಮ ಕತ್ತು..."

"ಬೀಳೋ ಅಂದ್ರೆ! ಪೂರ್ತಿ ಭಾರ ಹಾಕು. ಚಾಂಪಿಯನ್ ಅಲ್ವೇನೋ ನೀನು?"

ನಾತೊರಿ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಹಿರಿಯನ ಎದೆಯ ಮೇಲೆ ಒರಗಿದ.

"ಅಕುತ್ಸು, ಎಣಿಸು."

ಮಂಡಿಯೂರಿದೆ. ಒಂದು. ಕುರೊಸೆಯ ಕತ್ತಿನ ನರಗಳು ಉಬ್ಬಿದವು. ಎರಡು. ಬೂಟಿನ ಹಿಮ್ಮಡಿ ಚಾಪೆಯನ್ನು ಕೆರೆಯಿತು. ಮೂರು. ಬಡಿದುಬಿಟ್ಟೆ, ಹೊತ್ತಿಗೆ ಸರಿಯಾಗಿ. ಎರಡೂ ಭುಜ ನೆಲದಲ್ಲೇ ಇದ್ದವು.

ನಾತೊರಿ ಅವನ ಎದೆಯ ಮೇಲೆಯೇ ಬಿಕ್ಕಿ ಬಿಕ್ಕಿ ಅಳತೊಡಗಿದ. ಕುರೊಸೆ ಎಡಗೈಯಿಂದ ಅವನ ಬೆನ್ನು ತಟ್ಟಿದ. "ಸಾಕು ಏಳಪ್ಪ, ಭಾರ ಇದೀಯ."

ಮೇಲಿನ ಸೂರು ನೋಡುತ್ತಲೇ ಅವನು ನನಗೆ ಹೇಳಿದ: "ಬೂಟಿನ ದಾರ ಬಿಚ್ಚು. ಬಲಗೈ ಬರ್ತಾ ಇಲ್ಲ."

ಗಂಟು ಬಿಗಿಯಾಗಿತ್ತು. ಬಹಳ ಹೊತ್ತು ಹಿಡಿಯಿತು. ಈ ಸಲ ನಾನು ತಡಮಾಡಿದ್ದಕ್ಕೆ ಅವನು ಏನೂ ಅನ್ನಲಿಲ್ಲ.