ಮೂರನೇ ತೂತು

ಕಿರ್ ಕಿರ್ ಎಂದು ಎರಡು ಸಲ, ಆಮೇಲೆ ಸಣ್ಣದೊಂದು ಟಕ್ — ನಡುಮನೆಯ ಬೋರ್ಡು, ಎಡಗಡೆ ಮೇಲಿನ ಸ್ಕ್ರೂ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತೇ ಹೇಳಬಲ್ಲೆ, ನಲವತ್ತೊಂದು ವರ್ಷದ ಹಿಂದೆ ಅದನ್ನು ಬಿಗಿದವನು ನಾನೇ ತಾನೇ, ಬಿಚ್ಚುತ್ತಿರುವವಳು ನನ್ನ ಸೊಸೆ, ನನ್ನ ಕೈಕೆಳಗೇ ಕೆಲಸ ಕಲಿತವಳು, ಲೈಸೆನ್ಸಿನಲ್ಲಿ ನನಗಿಂತ ಒಂದು ದರ್ಜೆ ಮೇಲೆ ಹೋದವಳು, ಹೋಗಲಿ, ಯಾರ ಸೊಸೆ ಅವಳು — ಆದರೂ ಗೋಡೆಯಿಂದ ತಂತಿ ಹೊತ್ತ ಮರದ ಪಟ್ಟಿ ಎದ್ದು ಬಂದಾಗ ನನ್ನ ಹಲ್ಲನ್ನೇ ಕಿತ್ತ ಹಾಗಾಯಿತು. ಕ್ಲಿಪ್ಪಿನಿಂದ ಕ್ಲಿಪ್ಪಿಗೆ ನಾಲ್ಕು ಬೆರಳು, ಈ ತುದಿಯಿಂದ ಆ ತುದಿಗೆ ದಾರ ಹಿಡಿದು ನೋಡಲಿ ಬೇಕಿದ್ದರೆ, ಒಂದು ಕೂದಲೆಳೆ ಆಚೀಚೆಯಾಗಿದ್ದರೆ ಮೀಸೆ ಬೋಳಿಸುತ್ತೇನೆ, ಸ್ಕ್ರೂಗಳ ತಲೆಯ ಗೀಟು ಕೂಡ ಎಲ್ಲ ನೆಟ್ಟಗೆ, ಒಂದೂ ಅಡ್ಡ ತಿರುಗಿ ನಿಂತಿಲ್ಲ, ಯಾರು ನೋಡ್ತಾರೆ ಅಂತ ಆಗ ಹೆಂಡತಿ ಕೇಳಿದ್ದಳು, ನಾನು ನೋಡ್ತೀನಲ್ಲೇ ಅಂದಿದ್ದೆ.

ಮಲಗುವ ಕೋಣೆಯ ದೀಪ ಮಿಣುಕತೊಡಗಿದ್ದು ಹೋದ ತಿಂಗಳು, ಸೊಸೆ ಬಿಚ್ಚಿ ನೋಡಿದರೆ ತಂತಿಯ ಮೇಲಿನ ರಬ್ಬರು ಹಪ್ಪಳದ ಹಾಗೆ ಪುಡಿಪುಡಿ, ವಯಸ್ಸು ನೋಡಿ ಸ್ವಾಮಿ, ನನಗೂ ಮೊಣಕಾಲು ಹೋಗಿಲ್ಲವೇ, ಹಳೇದು ಕಿತ್ತು ಅದೇ ಜಾಗಕ್ಕೆ ಹೊಸದು ಎಳೆದರೆ ಮುಗಿಯಿತು ಎಂದುಕೊಂಡಿದ್ದೆ, ಇವಳು ನಿಯಮದ ಪುಸ್ತಕ ತಂದಳು. ಹಳೇ ಮನೆಗೆ ಹಳೇ ನಿಯಮ ಸಾಲ್ದೇನಮ್ಮ, ಕಟ್ಟಿದಾಗ ಇನ್‌ಸ್ಪೆಕ್ಟರೇ ಬಂದು ಬೆನ್ನು ತಟ್ಟಿ ಹೋಗಿದ್ರು. ಸಾಲುತ್ತೆ ಮಾವ, ಮುಟ್ಟದೇ ಬಿಟ್ರೆ ಸಾಲುತ್ತೆ, ಆದ್ರೆ ಹೊಸದಾಗಿ ಎಳೆದದ್ದೆಲ್ಲ ಇವತ್ತಿನ ನಿಯಮಕ್ಕೆ ಬರ್ಲೇಬೇಕು, ಪ್ರತಿ ಪ್ಲಗ್ಗಿಗೂ ಅರ್ಥಿಂಗಿನ ಹಸಿರು ತಂತಿ, ಭೂಮಿಯೊಳಗಿನವರೆಗೆ. ಹಂಗಾದ್ರೆ ಅಡುಗೆಮನೆ ಮುಟ್ಬೇಡ, ಅದಿನ್ನೂ ಗಟ್ಟಿಯಾಗಿದೆ — ಎಷ್ಟು ಬೇಗ ಬಂತು ನೋಡು ಬಾಯಿಗೆ, ನಾನು ಮಾತು ಮುಗಿಸುವ ಮೊದಲೇ ಅವಳು ತಲೆ ಆಡಿಸಿಬಿಟ್ಟಳು, ಆಯ್ತು ಮಾವ, ನೀವು ಹೇಳಿದ ಮೇಲೆ ಮುಗೀತು. ನಾನು ಹೇಳಿದ ಮೇಲೆ ಮುಗಿಯಿತು. ನಾಳೆ ಇನ್‌ಸ್ಪೆಕ್ಟರ್ ಬಂದು ರುಜು ಹಾಕಿ ಹೋಗುತ್ತಾನೆ, ಅಡುಗೆಮನೆಯ ಬೋರ್ಡಿನ ಹಿಂದೆ ಏನಿದೆ ಎಂದು ಯಾವನೂ ಕೇಳುವುದಿಲ್ಲ.

ಏನೂ ಇಲ್ಲ. ಅದೇ ಅಲ್ಲವೇ ಸಂಗತಿ, ಮೂರನೇ ತೂತಿನ ಹಿಂದೆ ಏನೂ ಇಲ್ಲ. ಫ್ರಿಜ್ಜು ಬಂದ ವರ್ಷ, ಓಣಿಗೆಲ್ಲ ಮೊದಲ ಫ್ರಿಜ್ಜು, ಅದರ ಪ್ಲಗ್ಗಿಗೆ ಮೂರು ಕಾಲು, ನಮ್ಮ ಗೋಡೆಯಲ್ಲಿ ಎರಡೇ ತೂತು, ಮೂರು ತೂತಿನದ್ದು ತಂದು ಕೂರಿಸಿದೆ, ನೋಡುವವರಿಗೆ ಲಕ್ಷಣವಾಗಿತ್ತು, ಆದರೆ ಮೂರನೇ ತಂತಿ ಎಳೆಯಬೇಕಾದರೆ ಪಟ್ಟಿಯಲ್ಲಿ ಜಾಗವಿರಲಿಲ್ಲ, ಎರಡು ತಂತಿಗೆ ಅಳತೆ ಮಾಡಿದ ಪಟ್ಟಿ, ಕೀಳಬೇಕು, ಇಲ್ಲವೇ ಪಕ್ಕದಲ್ಲಿ ಇನ್ನೊಂದು ಗೆರೆ ಸೊಟ್ಟಗೆ ಓಡಬೇಕು, ನನ್ನ ಗೋಡೆಯ ಮೇಲೆ, ಆ ಗೆರೆಯ ಪಕ್ಕದಲ್ಲಿ — ಊರವರ ಮನೆಗೆಲ್ಲ ಗುಂಡಿ ತೋಡಿಸಿ ಭೂಮಿಗೆ ತಂತಿ ಇಳಿಸಿದವನು, ಅದಿಲ್ಲದೆ ಕೆಲಸ ಒಪ್ಪಿಸಿದವನಲ್ಲ, ನನ್ನ ಮನೆಗೆ ಮಾತ್ರ ಮುಂದಿನ ತಿಂಗಳು ಮಾಡಿದರಾಯಿತು ಎಂದೆ. ರೀ, ಫ್ರಿಜ್ಜಿನ ಬಾಗಿಲು ಮುಟ್ಟಿದ್ರೆ ಜುಮ್ ಅನ್ನುತ್ತೆ, ಎಂದಳು ಹೆಂಡತಿ. ಒಂದ್ ಚೂರು ಅಷ್ಟೇ ಕಣೇ, ಚಪ್ಪಲಿ ಹಾಕ್ಕೊಂಡು ಮುಟ್ಟು. ಹಾಕಿಕೊಂಡಳು. ನೀಲಿ ಪಟ್ಟಿಯ ರಬ್ಬರು ಚಪ್ಪಲಿ, ಫ್ರಿಜ್ಜಿನ ಮುಂದೆಯೇ ಅದರ ಜಾಗ, ಸವೆದರೆ ಇನ್ನೊಂದು ಜೊತೆ, ಅದೂ ನೀಲಿ, ಹಾಲು ತೆಗೆಯುವಾಗ ಮೆಟ್ಟಿಕೊಳ್ಳುವುದು, ಬಿಡುವುದು, ಮತ್ತೆ ಮೆಟ್ಟಿಕೊಳ್ಳುವುದು, ಮೂವತ್ತು ವರ್ಷ, ಒಂದು ದಿನವೂ ಆಡಿಕೊಳ್ಳಲಿಲ್ಲ, ಬಂದವರೆದುರು ನಮ್ಮೆಜಮಾನ್ರ ಕೆಲಸ ಅಂದ್ರೆ ಕೆಲಸ ಎನ್ನುತ್ತಿದ್ದಳು, ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು.

ಸ್ಕ್ರೂಡ್ರೈವರಿನ ಸದ್ದು ನಿಂತಿದೆ. ನಡುಮನೆ ಮುಗಿಯಿತು ಮಾವ, ಇನ್ನು ಗುಡಿಸಿಬಿಡ್ಲಾ? ಗುಡಿಸು ಎಂದರೆ ಆಯಿತು, ಒಂದೇ ಮಾತು, ಗೆರೆಯೂ ಉಳಿಯುತ್ತದೆ, ನನ್ನ ಹೆಸರೂ — ಒಳಗೆ ಫ್ರಿಜ್ಜಿನ ಕಡೆ ಹೆಂಡತಿ ನಡೆದ ಸದ್ದು, ಚಟ್, ಚಟ್, ಕರೆಂಟು ತೆಗೆದಿದ್ದರೂ ಮೆಟ್ಟಿಕೊಂಡೇ ಹೋಗುತ್ತಾಳೆ, ಕಾಲಿಗೆ ರೂಢಿ. ಏಳು ಮುದುಕ, ಏಳು ಎಂದುಕೊಂಡು ಎದ್ದೆ. ಸ್ಕ್ರೂಡ್ರೈವರ್ ಇಲ್ಲಿ ಕೊಡಮ್ಮ. ಅಡುಗೆಮನೆಯ ಬೋರ್ಡಿನ ನಾಲ್ಕು ಸ್ಕ್ರೂ ನಾನೇ ಬಿಚ್ಚಿದೆ, ಬೋರ್ಡು ತಗ್ಗಿಸಿ ಹಿಡಿದೆ, ನೋಡು, ಮೂರನೇದಕ್ಕೆ ತಂತಿ ಇಲ್ಲ, ಯಾವತ್ತೂ ಇರ್ಲಿಲ್ಲ, ನಾನೇ ಹಾಕ್ಲಿಲ್ಲ. ಅವಳು ಟಾರ್ಚು ಬಿಟ್ಟು ನೋಡಿದಳು, ಬಹಳ ಹೊತ್ತು ನೋಡಿದಳು, ಅತ್ತೆಯ ಕಾಲಿನ ಚಪ್ಪಲಿಯನ್ನೂ ಒಮ್ಮೆ ನೋಡಿದಳು, ಅರ್ಥವಾಯಿತು ಅವಳಿಗೆ, ನನ್ನ ಕಿವಿ ಬಿಸಿಯಾಯಿತು. ಪಟ್ಟಿ ಪೂರ್ತಿ ತೆಗೀಬೇಕಾಗುತ್ತೆ ಮಾವ. ತೆಗಿ. ಆಮೇಲೆ ಕೆಲಸವೋ ಕೆಲಸ, ಗೋಡೆಯಲ್ಲಿ ಹೊಸ ಪೈಪು, ಅದರೊಳಗೆ ಹಸಿರು ತಂತಿ, ಹಿತ್ತಲಲ್ಲಿ ಅವಳು ಮೊದಲೇ ತೋಡಿಸಿದ್ದ ಗುಂಡಿಯವರೆಗೆ, ಎಷ್ಟು ನೇರ, ಎಷ್ಟು ನೇರ ಎಳೆದಳು ಅಂತೀರಿ, ನನ್ನ ಗೆರೆಗಿಂತ ನೇರ, ಹೇಳಿಬಿಡುತ್ತೇನೆ, ಎದೆ ತುಂಬಿ ಬಂತು, ಕೊನೆಗೆ ಅವಳು ಸ್ಕ್ರೂ ಬಿಗಿದು ಗೀಟು ನೆಟ್ಟಗಾಗುವ ತನಕ ಇನ್ನರ್ಧ ಸುತ್ತು ತಿರುಗಿಸಿದಳು, ಯಾರೂ ಹೇಳಿಕೊಡದೆ — ಇಲ್ಲ, ನಾನೇ ಹೇಳಿಕೊಟ್ಟದ್ದು.

ಕರೆಂಟು ಬಂತು, ಫ್ರಿಜ್ಜು ಗುಂಯ್ ಎಂದಿತು. ಅತ್ತೆ, ಚಪ್ಪಲಿ ಬಿಟ್ಟು ಮುಟ್ಟಿ. ಹೆಂಡತಿ ನನ್ನ ಮುಖ ನೋಡಿದಳು, ಮುಟ್ಲಾ ರೀ, ಮುಟ್ಟು ಎಂದೆ, ಎಡಗಾಲು ಹೊರಗೆ ಬಂತು, ಬಲಗಾಲು, ಬರಿಗಾಲು ತಣ್ಣನೆಯ ನೆಲದ ಮೇಲೆ, ಅಂಗೈ ಪೂರ್ತಿ ಬಾಗಿಲಿನ ಮೇಲೆ, ಏನೂ ಇಲ್ಲ ಕಣ್ರೀ, ಏನೂ ಇಲ್ಲ, ನಗುತ್ತಿದ್ದಾಳೆ, ಸೊಸೆಯೂ ನಗುತ್ತಿದ್ದಾಳೆ, ನಾನು ಮಾತ್ರ ಕೆಳಗೆ ನೋಡುತ್ತಿದ್ದೇನೆ, ಹಿಮ್ಮಡಿ ಸವೆದು ತೆಳ್ಳಗಾದ ನೀಲಿ ಪಟ್ಟಿಯ ಚಪ್ಪಲಿ, ಎರಡು, ಒಂದರ ಪಕ್ಕ ಒಂದು, ಖಾಲಿ —