ಹೂವಿನ ಕಾಲಂ

ಅಕ್ಕ ಮೆಟ್ಟಿಲು ಹತ್ತಿ ಬಂದವಳೇ ಸರ್ಕಾರದ ಕಾಗದವನ್ನು ತಂಗಿಯ ಮೇಜಿನ ಮೇಲೆ ಎಸೆದಳು. ಅವಳ ಹೊಲದ ಸಾಸಿವೆಗೆ ಕುಲಾಂತರಿ ಬೆರೆತಿದೆಯಂತೆ. ಇನ್ನು ಅದನ್ನು ಬಿತ್ತನೆ ಬೀಜವೆಂದು ಮಾರುವಂತಿಲ್ಲವಂತೆ. ಹದಿನೆಂಟು ವರ್ಷ ಒಂದೊಂದೇ ಗಿಡ ಆರಿಸಿ ಉಳಿಸಿಕೊಂಡು ಬಂದ ತಳಿ!

“ಬೇಲಿಯಾಚೆ ಕಂಪನಿಯೋರ ಗಿಡ ಹೂ ಬಿಟ್ಟಿದೆ, ಬರೆದು ಕೊಟ್ಟಿದ್ದೀನಿ, ಇವತ್ತೇ ಕೀಳಿಸ್ತಾರೆ ಅಂದ್ಯಲ್ಲೇ? ನಿನ್ನ ನಂಬಿ ಸುಮ್ಮನೆ ಕೂತೆ.”

“ಬರೆದಿದ್ದೀನಿ ಕಣಕ್ಕ. ಬಾ, ತೋರಿಸ್ತೀನಿ.”

ತಂಗಿಗೆ ಕುಲಾಂತರಿ ಗಿಡಗಳ ತಪಾಸಣೆಯ ಕೆಲಸ. ಕಂಪನಿಯವರ ಪ್ರಯೋಗದ ಮಡಿಯಲ್ಲಿ ಒಂದು ಹೂ ಕಂಡರೂ, ಪರಾಗ ಹಾರಿ ಪಕ್ಕದ ಹೊಲಕ್ಕೆ ಬೆರೆಯದಂತೆ, ಇಡೀ ಮಡಿಯನ್ನು ಅಂದೇ ಕಿತ್ತು ಸುಡಬೇಕು, ಅದು ಕಾನೂನು. ಅವಳಿಗೆ ಅದನ್ನೆಲ್ಲ ಕಲಿಸಿದವರು ಹಿರಿಯ ಅಧಿಕಾರಿ. ಯಾವ ತಪ್ಪೂ ಅವರ ಕಣ್ಣು ತಪ್ಪಿಸುವುದಿಲ್ಲವೆಂದು ಕಚೇರಿಯವರೆಲ್ಲ ಅವರನ್ನು ‘ಭೂತಗನ್ನಡಿ’ ಎನ್ನುತ್ತಿದ್ದರು. ಗುರುವೆಂಬ ಗೌರವಕ್ಕೆ ಅವಳು ಮಾತ್ರ ಎಂದೂ ಹಾಗೆ ಅಂದವಳಲ್ಲ. ಕಾಲಂ ತಲೆಯ ಮೇಲಿರುವ ಪದವನ್ನು ಕೆಳಗೆ ಮತ್ತೆ ಬರೆಯಬೇಡ, ಚುಟುಕಾಗಿರಲಿ ಎಂದು ಹೇಳಿಕೊಟ್ಟವರೂ ಅವರೇ.

ಅಕ್ಕನ ಕೈ ಹಿಡಿದು ಕಡತದ ಕೋಣೆಗೆ ಎಳೆದೊಯ್ದಳು. ಹಿಡಿದ ಕೈ ಬಿಡದೆಯೇ ವರದಿ ಬಿಚ್ಚಿದಳು. ‘ಹೂ’ ಎಂಬ ಕಾಲಂನಲ್ಲಿ ಅವಳು ನೀಲಿ ಶಾಯಿಯಲ್ಲಿ ‘ಬಿಟ್ಟಿದೆ’ ಎಂದಷ್ಟೇ ಬರೆದಿದ್ದಳು. ಈಗ ಅದರ ಎಡಕ್ಕೆ ಹಸಿರು ಶಾಯಿಯ ಒಂದಕ್ಷರ ಅಂಟಿಕೊಂಡಿತ್ತು. ‘ಕೈಬಿಟ್ಟಿದೆ.’ ಅಂದರೆ ಆ ಕಾಲಂ ತುಂಬಿಲ್ಲ, ನೋಡಿಯೇ ಇಲ್ಲ! ಸಾಕ್ಷಿಗೆಂದು ಪಿನ್ ಮಾಡಿದ್ದ ಹೂವೂ ಇರಲಿಲ್ಲ. ಎರಡು ತೂತು, ಸ್ವಲ್ಪ ಹಳದಿ ಕಲೆ. ಹಸಿರು ಶಾಯಿ ಆ ಕಚೇರಿಯಲ್ಲಿ ಒಬ್ಬರದೇ.

ಆ ಹಿರಿಯ ಅಧಿಕಾರಿ ಬಾಗಿಲಲ್ಲೇ ನಿಂತಿದ್ದರು.

“ಸರ್, ಇದು ನೀವಾ?”

“ಬರೀ ‘ಬಿಟ್ಟಿದೆ’ ಅಂದ್ರೆ ಯಾರಿಗಮ್ಮ ಅರ್ಥ ಆಗುತ್ತೆ? ಕಾಲಂ ಬಿಟ್ಟಿದ್ದೀಯ ಅಂದ್ಕೊಂಡೆ. ಭಾಷೆ ಸರಿ ಮಾಡಿದೆ, ಅಷ್ಟೇ.”

“ಹೂ ಪಿನ್ ಮಾಡಿದ್ದೆನಲ್ಲ ಸರ್!”

“ಯಾವ ಹೂ?”

ಎಷ್ಟು ಮೆತ್ತಗೆ ಕೇಳಿದರು, ಪುಣ್ಯಾತ್ಮ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ನಂಬಿದವರೇ ಹೀಗೆ ಕತ್ತು ಕೊಯ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಅವರು ಕನ್ನಡಕ ಒರೆಸಿಕೊಳ್ಳುತ್ತ ಹೊರಟುಹೋದರು.

ಅಕ್ಕ ಬಗ್ಗಿ, ಆ ಪದವನ್ನು ಬೆರಳಿಟ್ಟು ಓದಿದಳು. ಬೆರಳು ಮೆಲ್ಲಗೆ ಹಾಳೆಯ ಕೊನೆಗೆ ಇಳಿಯಿತು.

“ಈ ಸಹಿ ನಿಂದೇ ತಾನೆ?”

“ನಂದೇ. ಆದ್ರೆ ಅಕ್ಕಾ…”

ಅಕ್ಕ ತಂಗಿಯ ಹಿಡಿತದಿಂದ ತನ್ನ ಕೈ ಬಿಡಿಸಿಕೊಂಡಳು.